ಕಂಪ್ಯೂಟರ್ ಸುಮ್ಮಸುಮ್ಮನೆ ಕ್ರ್ಯಾಶ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡುವ ಮೊದಲು ರ‍್ಯಾಮ್ ಪರೀಕ್ಷಿಸಿ

"ಕಂಪ್ಯೂಟರ್ ಯಾವಾಗ ಬೇಕಂದ್ರೆ ಆವಾಗ ಕ್ರ್ಯಾಶ್ ಆಗುತ್ತೆ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ್ರೂ ಸರಿ ಹೋಗ್ಲಿಲ್ಲ. ಈಗೇನು ಮಾಡ್ಲಿ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು, ಪೂರ್ತಿ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಕಾರಣ ಗೊತ್ತಾಗುವ ತನಕ ಫಾರ್ಮ್ಯಾಟ್ ಮಾಡಬೇಡಿ. ರ‍್ಯಾಮ್ ಕೆಟ್ಟಿದ್ದರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ. ಇನ್‌ಸ್ಟಾಲ್ ಆಗುವಾಗಲೇ ಕೆಲವು ಫೈಲ್‌ಗಳು ಹಾಳಾಗಿರಬಹುದು. ಆಮೇಲೆ ರ‍್ಯಾಮ್ ಬದಲಾಯಿಸಿದರೂ ಕ್ರ್ಯಾಶ್ ನಿಲ್ಲದೆ ಹೋಗಬಹುದು. "ಓಹೋ, ತಪ್ಪು ರ‍್ಯಾಮ್‌ದಲ್ಲ" ಅಂದುಕೊಂಡು ನೀವು ಬೇರೆ ಕಡೆ ಹುಡುಕಲು ಶುರು ಮಾಡುತ್ತೀರಿ. ಎಷ್ಟೋ ಜನ ಸುತ್ತಿ ಸುತ್ತಿ ಸುಸ್ತಾಗುವುದು ಇಲ್ಲೇ.

ಕ್ರ್ಯಾಶ್ ಆಗುವ ಎಲ್ಲ ಕಂಪ್ಯೂಟರ್‌ಗಳಲ್ಲೂ ರ‍್ಯಾಮ್ ಕೆಟ್ಟಿರುತ್ತದೆ ಅಂತ ಹೇಳುತ್ತಿಲ್ಲ. ಆದರೆ ದುಡ್ಡು ಖರ್ಚಿಲ್ಲದೆ, ಮನೆಯಲ್ಲೇ, ಹೆಚ್ಚೂಕಡಿಮೆ ಖಚಿತವಾಗಿ ಪರೀಕ್ಷಿಸಬಹುದಾದ ಭಾಗ ಅದು. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ರ‍್ಯಾಮ್ ಕೆಡುವುದು ಅಂದರೆ ಏನು?

ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ. ಫೈಲ್‌ಗಳು ಶಾಶ್ವತವಾಗಿ ಕೂರುವ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಬೇರೆ. ಈ ಲೇಖನದಲ್ಲಿ ಮೆಮೊರಿ ಅಂದಾಗಲೆಲ್ಲ ರ‍್ಯಾಮ್ ಎಂದೇ ತಿಳಿಯಿರಿ.

ರ‍್ಯಾಮ್ ಚಿಪ್ಪಿನೊಳಗೆ ಕೋಟಿಗಟ್ಟಲೆ ಪುಟ್ಟ ಕೋಶಗಳಿವೆ. ಒಂದೊಂದು ಕೋಶವೂ ಚೂರು ವಿದ್ಯುತ್ ಹಿಡಿದಿಟ್ಟುಕೊಂಡು 1 ಅಥವಾ 0 ಎಂದು ನೆನಪಿಡುತ್ತದೆ. ತೂತಿನ ಕೊಡದ ಹಾಗೆ ಆ ವಿದ್ಯುತ್ ಸೋರಿ ಹೋಗುತ್ತಲೇ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಕೋಶವನ್ನೂ ಮತ್ತೆ ತುಂಬಲಾಗುತ್ತದೆ. ಅಷ್ಟು ಹೊತ್ತು ಕೂಡ ಹಿಡಿದಿಟ್ಟುಕೊಳ್ಳಲಾಗದ ಕೋಶವೊಂದಿದ್ದರೆ, 1 ಇದ್ದದ್ದು 0 ಆಗಿಬಿಡುತ್ತದೆ.

ಆ ಕೋಶದಲ್ಲಿ ಆ ಹೊತ್ತಿಗೆ ಏನಿತ್ತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ವಿಡಿಯೋದ ಒಂದು ಚುಕ್ಕಿ ಇದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಬ್ರೌಸರ್‌ನ ಕೋಡ್ ಇದ್ದರೆ ಟ್ಯಾಬ್ ಮುಚ್ಚಿಹೋಗುತ್ತದೆ. ವಿಂಡೋಸ್‌ನ ತಿರುಳಿನ ಭಾಗ ಇದ್ದರೆ ಬ್ಲೂ ಸ್ಕ್ರೀನ್, ಅಂದರೆ ವಿಂಡೋಸ್ ಪೂರ್ತಿ ನಿಂತು ಎರರ್ ಕೋಡ್ ತೋರಿಸುವ ನೀಲಿ ಪರದೆ (ಈಚಿನ ವಿಂಡೋಸ್ 11ರಲ್ಲಿ ಕಪ್ಪು). ನೀವು ಸೇವ್ ಮಾಡುತ್ತಿದ್ದ ಫೈಲ್ ಇದ್ದರೆ, ಯಾವ ಸದ್ದೂ ಇಲ್ಲದೆ ತಪ್ಪು ಮಾಹಿತಿ ಡಿಸ್ಕಿಗೆ ಸೇರುತ್ತದೆ. ಇಂದು ಆಟದಲ್ಲಿ, ನಾಳೆ ಎಕ್ಸೆಲ್‌ನಲ್ಲಿ, ನಾಡಿದ್ದು ಏನೂ ಮಾಡದೆ ಸುಮ್ನೆ ಬಿಟ್ಟಾಗ ಕ್ರ್ಯಾಶ್ ಆಗುವುದು ಇದೇ ಕಾರಣಕ್ಕೆ.

ನನ್ನ ಪ್ರಕಾರ ಕ್ರ್ಯಾಶ್‌ಗಿಂತ ಅಪಾಯಕಾರಿ ಹೀಗೆ ಸದ್ದಿಲ್ಲದೆ ಫೈಲ್ ಹಾಳಾಗುವುದು. ಕ್ರ್ಯಾಶ್ ಕಣ್ಣಿಗೆ ಕಾಣುತ್ತದೆ. ಹಾಳಾದ ಫೋಟೋ ಕಾಣುವುದು ವರ್ಷದ ನಂತರ ತೆರೆದಾಗ.

ಬೇಕಾಗುವ ಸಾಮಾನು

4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್ ಡ್ರೈವ್ ಒಂದು, ಸ್ಕ್ರೂ ಡ್ರೈವರ್, ಬರೆದುಕೊಳ್ಳಲು ಪೆನ್ನು ಹಾಳೆ, ರ‍್ಯಾಮ್ ಸ್ಟಿಕ್‌ಗಳಿಗೆ (ಚಿಪ್‌ಗಳನ್ನು ಕೂರಿಸಿದ ಉದ್ದನೆಯ ಪಟ್ಟಿಗಳು) ಗುರುತು ಹಚ್ಚಲು ಕಾಗದದ ಟೇಪ್. ಜೊತೆಗೆ ಒಂದು ರಾತ್ರಿ ಕಂಪ್ಯೂಟರನ್ನು ಮುಟ್ಟದೆ ಬಿಡುವ ತಾಳ್ಮೆ. ಪೆನ್ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಹಂತ 1: ಮೊದಲು ಫೈಲ್‌ಗಳನ್ನು ಕಾಪಾಡಿ

ಬ್ಯಾಕಪ್ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ರ‍್ಯಾಮ್ ಮೇಲೆ ಅನುಮಾನ ಇದ್ದಾಗ ಬ್ಯಾಕಪ್‌ನಲ್ಲೂ ಒಂದು ಗುಂಡಿ ಇದೆ. ಕಾಪಿ ಆಗುವ ಫೈಲ್ ಕೂಡ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ, ಅಲ್ವಾ? ಹೋಗುವ ದಾರಿಯಲ್ಲೇ ಅದು ಹಾಳಾಗಬಹುದು.

ಹಾಗಾಗಿ ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ. ಬೇರೆ ಫೋಲ್ಡರ್ ಮಾಡಿ, ತಾರೀಕು ಹಾಕಿ, ಅಲ್ಲಿಗೆ ಕಾಪಿ ಮಾಡಿ. ತಾನಾಗಿ ನಡೆಯುವ ಬ್ಯಾಕಪ್ ಇದ್ದರೆ ಸದ್ಯಕ್ಕೆ ನಿಲ್ಲಿಸಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಕಾಪಿ ಮಾಡಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಕೆಲಸ ಈಗಲೇ ಮುಗಿಸಿ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ, ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಮುಂದೆ ಬಯಾಸ್ ಸೆಟ್ಟಿಂಗ್ ಬದಲಾಯಿಸಿದಾಗ ಕಂಪ್ಯೂಟರ್ ಆ ಕೀ ಕೇಳಬಹುದು. ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲು ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸಿರುವ ಮುಖ್ಯ ಬೋರ್ಡ್) ನಡೆಸುವ ಪುಟ್ಟ ಪ್ರೋಗ್ರಾಂ.

ಹಂತ 2: ಕ್ರ್ಯಾಶ್ ಏನು ಹೇಳುತ್ತಿದೆ, ಓದಿ

ಬ್ಲೂ ಸ್ಕ್ರೀನ್ ಬಂದು ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಎಂಬ ಸೆಟ್ಟಿಂಗ್ ಇದೆ. ಅದರಲ್ಲಿ 'ಆಟೋಮ್ಯಾಟಿಕಲಿ ರಿಸ್ಟಾರ್ಟ್' ಎದುರಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಬ್ಲೂ ಸ್ಕ್ರೀನ್ ನೀವೇ ಆಫ್ ಮಾಡುವ ತನಕ ನಿಂತಿರುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಹಿಂದಿನ ಕ್ರ್ಯಾಶ್‌ಗಳನ್ನು ನೋಡಲು ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ದಿನದ ಲೆಕ್ಕದಲ್ಲಿ ಕೆಂಪು ಗುರುತುಗಳು ಕಾಣುತ್ತವೆ.

ರ‍್ಯಾಮ್ ತೊಂದರೆಯಲ್ಲಿ ಜಾಸ್ತಿ ಕಾಣುವ ಹೆಸರುಗಳು: ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಬ್ಯಾಡ್ ಪೂಲ್ ಹೆಡರ್. ಆದರೆ ಹೆಸರು ನೋಡಿದ ತಕ್ಷಣ ತೀರ್ಮಾನಕ್ಕೆ ಬರಬೇಡಿ. 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಬಂದರೂ ತಪ್ಪು ಒಂದು ಡ್ರೈವರ್‌ನದ್ದಾಗಿರಬಹುದು. ಡ್ರೈವರ್ ಅಂದರೆ ಪ್ರಿಂಟರ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್.

ನೀವು ನೋಡಬೇಕಾದದ್ದು ಹೆಸರನ್ನಲ್ಲ, ಹೆಸರು ಬದಲಾಗುತ್ತಿದೆಯೇ ಎಂಬುದನ್ನು. ಪ್ರತಿ ಸಲವೂ ಒಂದೇ ಕೋಡ್, ಒಂದೇ ಡ್ರೈವರ್ ಫೈಲಿನ ಹೆಸರು ಬಂದರೆ ಮೊದಲು ಆ ಡ್ರೈವರನ್ನು ಅಪ್‌ಡೇಟ್ ಮಾಡಿ ನೋಡಿ. ಒಂದೊಂದು ಸಲ ಒಂದೊಂದು ಕೋಡ್ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಎರರ್ ಬಂದು, ಅದೇ ಫೈಲ್ ಮತ್ತೊಮ್ಮೆ ಸರಿಯಾಗಿ ಬಿಚ್ಚಿಕೊಂಡರೆ ಅದಂತೂ ತುಂಬ ಒಳ್ಳೆಯ ಸುಳಿವು. ಡಿಸ್ಕಿನಲ್ಲಿರುವ ಫೈಲ್ ಬದಲಾಗಿಲ್ಲ, ಓದುವ ದಾರಿಯಲ್ಲಿ ಏನೋ ಆಗಿದೆ ಅಂತ ಅರ್ಥ.

ಬ್ಲೂ ಸ್ಕ್ರೀನೇ ಇಲ್ಲದೆ, ಕರೆಂಟ್ ಹೋದಂತೆ ಪಟ್ಟನೆ ಆಫ್ ಆದರೆ? ಆಗ ಪವರ್ ಸಪ್ಲೈ ಅಥವಾ ಬಿಸಿಯ ಮೇಲೆ ಜಾಸ್ತಿ ಅನುಮಾನ ಇಡಿ. ಕಂಪ್ಯೂಟರ್‌ನಲ್ಲಿ ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡು ತುಂಬ ಜನ ಗಾಬರಿಯಾಗುತ್ತಾರೆ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ಮತ್ತೆ ಶುರುವಾಯಿತು ಎಂದಷ್ಟೇ ಅದು ಹೇಳುತ್ತದೆ. ಕಾರಣ ಹೇಳುವುದಿಲ್ಲ.

ಹಂತ 3: ರ‍್ಯಾಮ್ ಕೆಟ್ಟಿದೆಯೋ, ಸಾಲುತ್ತಿಲ್ಲವೋ?

ಇವೆರಡೂ ಬೇರೆ ಬೇರೆ. ಕಂಪ್ಯೂಟರ್ ಮೊದಲು ನಿಧಾನವಾಗಿ, ಆಮೇಲೆ ಒಂದೆರಡು ಪ್ರೋಗ್ರಾಂ ಮುಚ್ಚಿಹೋಗಿ, 'ಮೆಮೊರಿ ಕಡಿಮೆ ಇದೆ' ಎಂಬ ಸಂದೇಶ ಬಂದರೆ ರ‍್ಯಾಮ್ ಸಾಲುತ್ತಿಲ್ಲ ಅಷ್ಟೇ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ನೋಡಿ. 'ಕಮಿಟೆಡ್' ಎಂಬಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಎರಡನೆಯದರ ಹತ್ತಿರ ಬಂದಿದ್ದರೆ ಜಾಗ ಮುಗಿಯುತ್ತಿದೆ. ಈವೆಂಟ್ ವ್ಯೂವರ್‌ನಲ್ಲಿ 'ರಿಸೋರ್ಸ್ ಎಕ್ಸಾಶನ್ ಡಿಟೆಕ್ಟರ್ 2004' ಎಂಬ ಎಂಟ್ರಿ ಇದ್ದರೆ ಯಾವ ಪ್ರೋಗ್ರಾಂ ಎಷ್ಟು ತಿಂದಿದೆ ಎಂಬುದನ್ನೂ ಅದೇ ಹೇಳುತ್ತದೆ.

ಜಾಗ ಉಳಿಸಲೆಂದು ಪೇಜ್ ಫೈಲ್ ಆಫ್ ಮಾಡಿದ್ದೀರಾ? ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ ಅದು. ಮತ್ತೆ ಆನ್ ಮಾಡಿ, ಗಾತ್ರವನ್ನು ವಿಂಡೋಸ್‌ಗೇ ಬಿಟ್ಟುಬಿಡಿ. ಕೆಲವರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಹಂತ 4: ಈಗ ಇರುವಂತೆಯೇ ಪರೀಕ್ಷಿಸಿ

ಏನನ್ನೂ ಬಿಚ್ಚಬೇಡಿ, ರ‍್ಯಾಮ್‌ನ ಯಾವ ಸೆಟ್ಟಿಂಗೂ ಬದಲಾಯಿಸಬೇಡಿ. ಕ್ರ್ಯಾಶ್ ಆಗುತ್ತಿರುವ ಸ್ಥಿತಿಯಲ್ಲೇ ಮೊದಲ ಟೆಸ್ಟ್ ನಡೆಯಬೇಕು. ಮೊದಲೇ ರ‍್ಯಾಮ್ ತೆಗೆದು ಹಾಕಿಬಿಟ್ಟರೆ ತೊಂದರೆ ತಾತ್ಕಾಲಿಕವಾಗಿ ಮಾಯವಾಗಬಹುದು. ಆಗ ಏನಾಗಿತ್ತು ಅಂತ ಗೊತ್ತಾಗುವುದೇ ಇಲ್ಲ.

ವಿಂಡೋಸ್‌ನಲ್ಲೇ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಎಂಬ ಟೆಸ್ಟ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ರಿಸ್ಟಾರ್ಟ್ ಆಗಿ ನೀಲಿ ಪರದೆಯಲ್ಲಿ ಟೆಸ್ಟ್ ಶುರುವಾದ ತಕ್ಷಣ ಎಫ್1 ಒತ್ತಿ, 'ಎಕ್ಸ್‌ಟೆಂಡೆಡ್' ಆರಿಸಿ, ಎಫ್10 ಒತ್ತಿ. ತಾನಾಗಿ ನಡೆಯುವ 'ಸ್ಟ್ಯಾಂಡರ್ಡ್' ಟೆಸ್ಟ್ ಬೇಗ ಮುಗಿಯುತ್ತದೆ, ಆದರೆ ಸೂಕ್ಷ್ಮ ತೊಂದರೆಗಳು ಅದರ ಕಣ್ಣು ತಪ್ಪಿಸುತ್ತವೆ. ಎಕ್ಸ್‌ಟೆಂಡೆಡ್ ಟೆಸ್ಟ್ ಒಂದೇ ಶೇಕಡಾ ಅಂಕಿಯಲ್ಲಿ ತುಂಬ ಹೊತ್ತು ನಿಂತಂತೆ ಕಾಣಬಹುದು. ಹ್ಯಾಂಗ್ ಆಯಿತು ಅಂತ ಆಫ್ ಮಾಡಬೇಡಿ. ಮುಗಿದ ಮೇಲೆ ಫಲಿತಾಂಶ ಕಾಣದೆ ಹೋದರೆ ಈವೆಂಟ್ ವ್ಯೂವರ್‌ನ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ, ಅಲ್ಲಿ 'ಮೆಮೊರಿ ಡಯಾಗ್ನಾಸ್ಟಿಕ್ಸ್ ರಿಸಲ್ಟ್ಸ್' ಹುಡುಕಿ.

ಇದರಲ್ಲಿ ಎರರ್ ಬಂದರೆ ನಂಬಿ. ಬರದಿದ್ದರೆ ನಂಬಬೇಡಿ, ಮುಂದಿನ ಟೆಸ್ಟ್ ಮಾಡಿ.

ನಾನು ಹೆಚ್ಚು ನೆಚ್ಚಿಕೊಳ್ಳುವುದು ಪೆನ್ ಡ್ರೈವ್‌ನಿಂದ ನಡೆಯುವ ಟೆಸ್ಟನ್ನು. ಹೆಸರು ಹೆಚ್ಚೂಕಡಿಮೆ ಒಂದೇ ಇರುವ ಎರಡು ಪ್ರೋಗ್ರಾಂಗಳಿವೆ. 'ಮೆಮ್‌ಟೆಸ್ಟ್86' ಪಾಸ್‌ಮಾರ್ಕ್ ಕಂಪನಿಯದು. ಅದರ ಉಚಿತ ಆವೃತ್ತಿ ಒಮ್ಮೆಗೆ 4 ಸುತ್ತು ಟೆಸ್ಟ್ ಮಾಡುತ್ತದೆ. 'ಮೆಮ್‌ಟೆಸ್ಟ್86 ಪ್ಲಸ್' ಬೇರೆ. ಅದು ಪೂರ್ತಿ ಉಚಿತ, ಓಪನ್ ಸೋರ್ಸ್. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಹೊಸ ಕಂಪ್ಯೂಟರ್‌ಗಳಲ್ಲೂ ನಡೆಯುತ್ತದೆ. ಹಳೆಯ 5ನೇ ಆವೃತ್ತಿ ಹೊಸ ಮದರ್‌ಬೋರ್ಡ್‌ಗಳಲ್ಲಿ ಶುರುವಾಗದೆ ಹೋಗಬಹುದು. ಎರಡರಲ್ಲಿ ಯಾವುದಾದರೂ ಸರಿ, ಅವರವರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಸಾಧ್ಯವಾದರೆ ಪೆನ್ ಡ್ರೈವ್ ತಯಾರಿಸುವುದನ್ನು ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಮಾಡಿ. ಕೆಟ್ಟ ರ‍್ಯಾಮ್‌ನಲ್ಲಿ ಬರೆದ ಪೆನ್ ಡ್ರೈವನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಪೆನ್ ಡ್ರೈವ್ ಹಾಕಿ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಬೇಕು. ಅದು ಕಂಪನಿಯಿಂದ ಕಂಪನಿಗೆ ಬೇರೆ. ಎಫ್8, ಎಫ್11, ಎಫ್12 ಇವುಗಳಲ್ಲಿ ಒಂದು ಸಾಮಾನ್ಯ. ಪೆನ್ ಡ್ರೈವ್‌ನಿಂದ ಶುರುವಾಗಲು ಒಪ್ಪದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಅನುಮತಿ ಇಲ್ಲದ ಪ್ರೋಗ್ರಾಂನಿಂದ ಕಂಪ್ಯೂಟರ್ ಶುರುವಾಗದಂತೆ ತಡೆಯುವ ಸೆಟ್ಟಿಂಗ್) ಅನ್ನು ಟೆಸ್ಟ್ ಮುಗಿಯುವವರೆಗೆ ಮಾತ್ರ ಆಫ್ ಮಾಡಿ.

ರಾತ್ರಿ ಮಲಗುವ ಮೊದಲು ಹಚ್ಚಿ ಬಿಡಿ. ರ‍್ಯಾಮ್ ಎಷ್ಟು ಜಾಸ್ತಿಯೋ ಅಷ್ಟು ಹೊತ್ತು ಬೇಕು. ಒಂದು ಸುತ್ತು ಮುಗಿಯಿತು, ಎರರ್ ಬರಲಿಲ್ಲ ಅಂತ ನಿಲ್ಲಿಸಬೇಡಿ. ಮೂರನೆಯ, ನಾಲ್ಕನೆಯ ಸುತ್ತಿನಲ್ಲಿ, ಚಿಪ್ ಬಿಸಿಯಾದ ಮೇಲೆ ತೋರಿಸಿಕೊಳ್ಳುವ ತೊಂದರೆಗಳಿವೆ.

ಎರರ್ ಬಂದರೆ ಪರದೆಯಲ್ಲಿ ಕೆಂಪು ಸಾಲು ಕಾಣುತ್ತದೆ. ಆ ಸಾಲನ್ನು ಓದುವುದು ಕಷ್ಟವೇನಲ್ಲ. ಎಲ್ಲಿ ತಪ್ಪಾಯಿತು ಎಂಬ ವಿಳಾಸ, ಏನು ಇರಬೇಕಿತ್ತು, ಏನು ಸಿಕ್ಕಿತು, ಇಷ್ಟೇ ಅಲ್ಲಿರುವುದು. ಉದಾಹರಣೆಗೆ ಎಂಟು ಎಫ್ ಅಕ್ಷರ ಇರಬೇಕಾದ ಕಡೆ ಏಳು ಎಫ್, ಕೊನೆಗೊಂದು ಡಿ ಇದೆ ಅನ್ನಿ. ಈ ಲೆಕ್ಕದಲ್ಲಿ ಎಫ್ ಅಂದರೆ 1111, ಡಿ ಅಂದರೆ 1101. ಅಷ್ಟು ಅಂಕಿಗಳ ನಡುವೆ ಒಂದೇ ಒಂದು 1 ಬಿದ್ದುಹೋಗಿ 0 ಆಗಿದೆ. ಪ್ರತಿ ಸಲವೂ ಅದೇ ವಿಳಾಸದ ಆಸುಪಾಸಿನಲ್ಲಿ, ಅದೇ ಜಾಗದ ಅಂಕಿ ಬಿದ್ದರೆ ಒಂದು ಚಿಪ್ಪಿನ ಒಂದು ಭಾಗ ಕೆಟ್ಟಿರುವ ಸಾಧ್ಯತೆ ಜಾಸ್ತಿ. ವಿಳಾಸ ಎಲ್ಲೆಲ್ಲೋ ಹಾರುತ್ತಿದ್ದರೆ ವೇಗ, ವೋಲ್ಟೇಜ್ ಅಥವಾ ಸ್ಲಾಟ್ (ಸ್ಟಿಕ್ ಸಿಕ್ಕಿಸುವ ಜಾಗ) ಕಡೆ ನೋಡಬೇಕು.

ಎಷ್ಟು ಎರರ್ ಬಂದರೆ ತೊಂದರೆ? ಒಂದು ಬಂದರೂ ತೊಂದರೆಯೇ. ಒಳ್ಳೆಯ ರ‍್ಯಾಮ್ ರಾತ್ರಿಯಿಡೀ ಟೆಸ್ಟ್ ಮಾಡಿದರೂ ಸೊನ್ನೆ ಎರರ್ ಕೊಡುತ್ತದೆ. "ಎರಡೇ ಎರಡು ಬಂತು, ನಡೆಯುತ್ತಲ್ವಾ?" ಅಂತ ಕೇಳಬೇಡಿ, ನಡೆಯುವುದಿಲ್ಲ. ಒಂದೇ ಒಂದು ವಿನಾಯಿತಿ ಇದೆ. ಮೆಮ್‌ಟೆಸ್ಟ್86ರ ಕೊನೆಯ 'ಹ್ಯಾಮರ್' ಟೆಸ್ಟ್ ಒಂದೇ ಸಾಲಿನ ಕೋಶಗಳನ್ನು ಪದೇ ಪದೇ ಓದಿ ಪಕ್ಕದ ಸಾಲು ಕದಲುತ್ತದೆಯೇ ಎಂದು ನೋಡುತ್ತದೆ. ಉಳಿದೆಲ್ಲ ಪಾಸಾಗಿ ಅದರಲ್ಲಿ ಮಾತ್ರ ಎರರ್ ಬಂದರೆ ದಿನನಿತ್ಯದ ಕ್ರ್ಯಾಶ್‌ಗೆ ಅದೇ ಕಾರಣ ಎನ್ನಲು ಆಗುವುದಿಲ್ಲ.

ಹಂತ 5: ವೇಗ ಇಳಿಸಿ ಮತ್ತೆ ನೋಡಿ

ರ‍್ಯಾಮ್ ಡಬ್ಬಿಯ ಮೇಲೆ ಬರೆದ ವೇಗ ಎಷ್ಟೋ ಸಲ ಅದರ ಮೂಲ ವೇಗವಲ್ಲ. ಡಿಡಿಆರ್4 ರ‍್ಯಾಮ್‌ಗೆ (ಇದು ರ‍್ಯಾಮ್‌ನ ಒಂದು ತಲೆಮಾರು, ಇದರ ನಂತರದ್ದು ಡಿಡಿಆರ್5) ಮಾನದಂಡ ನಿಗದಿಪಡಿಸುವ ಜೆಡೆಕ್ ಸಂಸ್ಥೆಯ ವೇಗದ ಅಂಕಿ 3200ಕ್ಕೆ ನಿಲ್ಲುತ್ತದೆ, ವೋಲ್ಟೇಜ್ 1.2. ನೀವು ಕೊಂಡದ್ದು 3600 ಆಗಿದ್ದರೆ ಅದು ಹಿಗ್ಗಿಸಿದ ವೇಗ. ಸಾಮಾನ್ಯವಾಗಿ 1.35 ವೋಲ್ಟ್ ಕೊಟ್ಟು ಓಡಿಸುತ್ತಾರೆ. ಹೀಗೆ ಓಡಿಸುವ ಬಯಾಸ್ ಸೆಟ್ಟಿಂಗ್‌ನ ಹೆಸರು ಎಕ್ಸ್‌ಎಂಪಿ. ಎಎಂಡಿ ಬೋರ್ಡ್‌ಗಳಲ್ಲಿ ಎಕ್ಸ್‌ಪೋ ಅಥವಾ ಡಿಓಸಿಪಿ ಎಂದೂ ಇರಬಹುದು.

ಅದನ್ನು ಆಫ್ ಮಾಡಿ, ಪೂರ್ತಿ ಟೆಸ್ಟ್ ಮತ್ತೊಮ್ಮೆ ಮಾಡಿ. ಎರರ್ ಮಾಯವಾದರೆ ರ‍್ಯಾಮ್ ಪೂರ್ತಿ ಕೆಟ್ಟಿಲ್ಲ, ಆ ವೇಗ ತಾಳುತ್ತಿಲ್ಲ. ತಪ್ಪು ರ‍್ಯಾಮ್‌ದೇ ಆಗಬೇಕೆಂದಿಲ್ಲ. ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್, ಅಂದರೆ ರ‍್ಯಾಮ್ ಜೊತೆ ವ್ಯವಹರಿಸುವ ಭಾಗ, ಕೂಡ ತಾಳದೆ ಇರಬಹುದು. ಒಂದು ಮೆಟ್ಟಿಲು ಕೆಳಗಿನ ವೇಗದಲ್ಲಿ ಟೆಸ್ಟ್ ಮಾಡಿ, ಎಲ್ಲಿ ಸೊನ್ನೆ ಎರರ್ ಬರುತ್ತದೋ ಅಲ್ಲಿಗೆ ನಿಲ್ಲಿಸಿ. ವೋಲ್ಟೇಜ್ ಏರಿಸಿ ಹಟ ಸಾಧಿಸುವ ಸಲಹೆ ನಿಮಗೆ ಎಲ್ಲೆಡೆ ಸಿಗುತ್ತದೆ. ನಾನದನ್ನು ಕೊಡುವುದಿಲ್ಲ. ಆ ಸಣ್ಣ ವೇಗಕ್ಕಿಂತ ನಿಮ್ಮ ಫೈಲ್‌ಗಳು ದೊಡ್ಡವು.

ನಾಲ್ಕೂ ಸ್ಲಾಟ್ ತುಂಬಿಸಿದವರು ಇದನ್ನು ವಿಶೇಷವಾಗಿ ಗಮನಿಸಿ. ಸ್ಟಿಕ್ ಹೆಚ್ಚಾದಷ್ಟೂ ಕಂಟ್ರೋಲರ್ ಮೇಲೆ ಭಾರ. ಎಎಂಡಿ ರೈಜೆನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 2 ಸ್ಟಿಕ್ ಇದ್ದಾಗ ಅಧಿಕೃತ ವೇಗ 5200, 4 ಸ್ಟಿಕ್ ಆದರೆ 3600. ಡಬ್ಬಿಯ ಮೇಲೆ 6000 ಎಂದಿದ್ದರೆ ನಾಲ್ಕು ಸ್ಟಿಕ್‌ನಲ್ಲೂ ಅದೇ ಬರುತ್ತದೆ ಎಂಬ ನಂಬಿಕೆ ಬಿಡಿ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಪರದೆ ಕಪ್ಪಗೆ ಉಳಿದರೆ ಹೆದರಬೇಡಿ. ಬೋರ್ಡ್ ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತದೆ, ಇದನ್ನು ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಡಿಡಿಆರ್5ನಲ್ಲಿ ಮೊದಲ ಸಲ ಹಲವು ನಿಮಿಷ ಹಿಡಿಯಬಹುದು. ನಡುವೆ ಪವರ್ ತೆಗೆಯಬೇಡಿ. ಕಾಲು ಗಂಟೆ ಕಳೆದರೂ ಏನೂ ಆಗದಿದ್ದರೆ ಆಫ್ ಮಾಡಿ, ಕೇಬಲ್ ತೆಗೆದು, ಬೋರ್ಡಿನ ಕ್ಲಿಯರ್ ಸಿಮಾಸ್ ವ್ಯವಸ್ಥೆಯಿಂದ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿ.

ಹಂತ 6: ಬಿಚ್ಚಿ ಮತ್ತೆ ಕೂರಿಸಿ

ಎರರ್ ಉಳಿದರೆ ಈಗ ಸ್ಕ್ರೂ ಡ್ರೈವರ್ ಹಿಡಿಯಿರಿ. ಶಟ್‌ಡೌನ್ ಮಾಡಿ, ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ರ‍್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ. ಲ್ಯಾಪ್‌ಟಾಪ್ ಆದರೆ ಹಿಂಬದಿ ತೆರೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದನ್ನು ಬಿಚ್ಚಲು ಆಗುವುದಿಲ್ಲ, ನೇರ ಹಂತ 8ಕ್ಕೆ ಹೋಗಿ.

ಸ್ಟಿಕ್ ತೆಗೆದು ಚಿನ್ನದ ಬಣ್ಣದ ಅಂಚು ನೋಡಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಎಂಬ ಸಲಹೆ ತುಂಬ ಓಡಾಡುತ್ತಿದೆ. ದಯವಿಟ್ಟು ಬೇಡ. ಆ ಚಿನ್ನದ ಪದರ ಬಹಳ ತೆಳು, ಉಜ್ಜಿದರೆ ಸವೆಯುತ್ತದೆ, ರಬ್ಬರ್ ಪುಡಿಯೂ ಸ್ಲಾಟ್ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ತುಸು ಹಚ್ಚಿ ಒರೆಸಿ. ಪೂರ್ತಿ ಆರಿದ ಮೇಲೆ ಹಾಕಿ.

ಹಾಕುವಾಗ ಸ್ಟಿಕ್‌ನ ಕಚ್ಚು ಸ್ಲಾಟ್‌ನ ಉಬ್ಬಿಗೆ ಹೊಂದಬೇಕು. ಎರಡೂ ತುದಿಯಲ್ಲಿ ಸಮವಾಗಿ ಒತ್ತಿದರೆ ಕ್ಲಿಪ್ ಟಕ್ಕೆಂದು ಕೂರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಬದಿ ಕ್ಲಿಪ್ ಇರುತ್ತದೆ. ಆ ಇನ್ನೊಂದು ಬದಿಯೇ ಅರ್ಧ ಮೇಲೆ ಉಳಿದುಬಿಡುವುದು, ಹುಷಾರು. ಲ್ಯಾಪ್‌ಟಾಪ್ ಸ್ಟಿಕ್ ಓರೆಯಾಗಿ ಒಳಗೆ ಹೋಗಿ ಆಮೇಲೆ ಕೆಳಗೆ ಮಲಗುತ್ತದೆ. ಓರೆಯಾಗಿ ತಳ್ಳಿದಾಗಲೇ ಪೂರ್ತಿ ಒಳಗೆ ಹೋಗಬೇಕು.

ಹಂತ 7: ಸ್ಟಿಕ್ ಕೆಟ್ಟಿದೆಯೋ, ಸ್ಲಾಟ್ ಕೆಟ್ಟಿದೆಯೋ

ಇಲ್ಲಿ ಆತುರ ಮಾಡಿದರೆ ಒಳ್ಳೆಯ ಸ್ಟಿಕ್ ಎಸೆದು ಕೆಟ್ಟ ಬೋರ್ಡ್ ಉಳಿಸಿಕೊಳ್ಳುತ್ತೀರಿ. ಟೇಪ್ ಹಚ್ಚಿ ಸ್ಟಿಕ್‌ಗಳಿಗೆ 1, 2 ಎಂದು ಗುರುತು ಹಾಕಿ. ನಾಲ್ಕು ಸ್ಲಾಟ್‌ನ ಬೋರ್ಡ್‌ಗಳಲ್ಲಿ ಎರಡು ಸ್ಟಿಕ್‌ಗೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಬೋರ್ಡ್ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಪೂರ್ತಿ ಟೆಸ್ಟ್, ಫಲಿತಾಂಶ ಹಾಳೆಯಲ್ಲಿ. ಈ ಕ್ರಮದಲ್ಲಿ ಮಾಡಿ:

ಮೊದಲು ಸ್ಟಿಕ್ 1 ಮಾತ್ರ ಎ2ನಲ್ಲಿ.
ಆಮೇಲೆ ಸ್ಟಿಕ್ 2 ಮಾತ್ರ ಎ2ನಲ್ಲಿ.
ನಂತರ ಸ್ಟಿಕ್ 1 ಮಾತ್ರ ಬಿ2ನಲ್ಲಿ.
ಕೊನೆಗೆ ಸ್ಟಿಕ್ 2 ಮಾತ್ರ ಬಿ2ನಲ್ಲಿ.

ಸ್ಟಿಕ್ 1 ಎರಡೂ ಕಡೆ ಪಾಸಾಗಿ, ಸ್ಟಿಕ್ 2 ಎರಡೂ ಕಡೆ ಫೇಲ್ ಆದರೆ ಸ್ಟಿಕ್ 2 ಕೆಟ್ಟಿದೆ. ಇದರಲ್ಲಿ ಅನುಮಾನವೇ ಇಲ್ಲ.

ಎರಡೂ ಸ್ಟಿಕ್ ಎ2ನಲ್ಲಿ ಪಾಸಾಗಿ ಬಿ2ನಲ್ಲಿ ಫೇಲ್ ಆದರೆ ರ‍್ಯಾಮ್ ಚೆನ್ನಾಗಿದೆ. ತಪ್ಪು ಸ್ಲಾಟ್‌ನಲ್ಲಿದೆ, ಅಥವಾ ಬೋರ್ಡ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿದೆ. ಸ್ಲಾಟ್‌ನಲ್ಲಿ ಧೂಳಿದೆಯಾ ನೋಡಿ. ಇತ್ತೀಚೆಗೆ ಪ್ರೊಸೆಸರ್ ಕೂಲರ್ ಬಿಚ್ಚಿ ಹಾಕಿದ್ದರೆ ಸ್ಕ್ರೂಗಳನ್ನು ಒಂದೇ ಸಮ ಬಿಗಿಮಾಡಿದ್ದೀರಾ ನೋಡಿ. ಒಂದೇ ಬದಿ ಬಿಗಿಯಾದರೆ ಪ್ರೊಸೆಸರ್‌ನ ಸಂಪರ್ಕ ಸಡಿಲವಾಗಿ ಒಂದು ಕಡೆಯ ಸ್ಲಾಟ್‌ಗಳು ಕೈಕೊಡುವುದುಂಟು. ಸಾಕೆಟ್‌ನ ಪಿನ್ ಬಾಗಿದ್ದರೂ ಹೀಗೇ.

ಒಂಟಿಯಾಗಿ ಎಲ್ಲ ಕಡೆ ಪಾಸಾಗಿ, ಎರಡೂ ಸೇರಿಸಿದಾಗ ಮಾತ್ರ ಫೇಲ್ ಆದರೆ ಅವೆರಡಕ್ಕೂ ಹೊಂದಿಕೆ ಇಲ್ಲ. ಬೇರೆ ಬೇರೆ ಸಮಯಕ್ಕೆ ಕೊಂಡ ಸ್ಟಿಕ್‌ಗಳಲ್ಲಿ ಇದು ಸಾಮಾನ್ಯ. ಕಂಪನಿ ಒಂದೇ, ಮಾಡೆಲ್ ಒಂದೇ ಆದರೂ ಒಳಗಿನ ಚಿಪ್ ಬೇರೆ ಇರಬಹುದು. ವೇಗ ಇಳಿಸಿ ನೋಡಿ.

ನಾಲ್ಕೂ ಸಲ ಫೇಲ್ ಆದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಟ್ಟಿವೆ ಎನ್ನುವುದಕ್ಕಿಂತ ಬೋರ್ಡ್, ಪ್ರೊಸೆಸರ್, ಪವರ್ ಸಪ್ಲೈ ಕಡೆ ನೋಡುವುದು ಮೇಲು. ಸಿಕ್ಕಿದರೆ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ನಿಮ್ಮ ಸ್ಟಿಕ್ ಟೆಸ್ಟ್ ಮಾಡಿ.

ಟೆಸ್ಟ್ ಪಾಸಾಯ್ತು, ಕ್ರ್ಯಾಶ್ ನಿಂತಿಲ್ಲ. ಈಗ?

ಮೊದಲಿಗೆ, ಆಟವಾಡಿ ಕ್ಯಾಬಿನೆಟ್ ಚೆನ್ನಾಗಿ ಬಿಸಿಯಾದ ತಕ್ಷಣ ರಿಸ್ಟಾರ್ಟ್ ಮಾಡಿ ಟೆಸ್ಟ್ ಹಚ್ಚಿ. ಮೆಮ್‌ಟೆಸ್ಟ್ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತದೆ. ನಿಜವಾದ ಬಳಕೆಯಲ್ಲಿ ಅದರ ಬಿಸಿ ರ‍್ಯಾಮ್‌ಗೂ ತಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಕೋಶಗಳು ಬೇಗ ಸೋರುತ್ತವೆ. ವಿಂಡೋಸ್ ಒಳಗೇ ನಡೆಯುವ ಪ್ರೈಮ್95ರ 'ಬ್ಲೆಂಡ್' ಟೆಸ್ಟ್ ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಒಟ್ಟಿಗೆ ದುಡಿಸುತ್ತದೆ. ಅದನ್ನೂ ಕೆಲವು ಗಂಟೆ ಓಡಿಸಿ.

ಆಮೇಲೂ ರ‍್ಯಾಮ್ ನಿರಪರಾಧಿ ಎಂದಾದರೆ ಬೇರೆ ಭಾಗಗಳಿಗೆ ಹೋಗಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಒಂದು ವಿಷಯ ತಿಳಿದಿರಬೇಕು. ಅವುಗಳಲ್ಲಿ ಕೆಲವು, ವೋಲ್ಟೇಜ್ ಜಾಸ್ತಿಯಾಗಿ ಸವೆಯುತ್ತಿದ್ದವು. ಆಟ ಶುರು ಮಾಡಿದಾಗ 'ವಿಡಿಯೋ ಮೆಮೊರಿ ಸಾಲದು' ಎಂಬ ಸಂದೇಶ ಬರುತ್ತಿತ್ತು. ಮೆಮೊರಿ ಎಂದು ಓದಿ ರ‍್ಯಾಮ್ ಬದಲಾಯಿಸಿದರೆ ಏನೂ ಪ್ರಯೋಜನವಿಲ್ಲ. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಮೂಲಕ ಪರಿಹಾರ ಕೊಟ್ಟಿತು, ಅಂಥ ಪ್ರೊಸೆಸರ್‌ಗಳ ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಬಯಾಸ್ ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತದೆ. ಈಗಾಗಲೇ ಸವೆದ ಪ್ರೊಸೆಸರ್ ಸರಿಹೋಗುವುದಿಲ್ಲ, ಬದಲಾಯಿಸಿಕೊಳ್ಳಬೇಕು. ಆದರೆ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿರುವಾಗ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕುವ ಮೊದಲು ಎಲ್ಲ ಸೆಟ್ಟಿಂಗ್ ಮೂಲ ಸ್ಥಿತಿಗೆ ತನ್ನಿ. ನಡುವೆ ಕ್ರ್ಯಾಶ್ ಆದರೆ ಬೋರ್ಡೇ ಶುರುವಾಗದೆ ಹೋದೀತು.

ಹಂತ 8: ಬದಲಾಯಿಸುವುದು

ಕೊಳ್ಳುವ ಮೊದಲು ವಾರಂಟಿ ನೋಡಿ. ರ‍್ಯಾಮ್‌ಗೆ ತುಂಬ ಕಂಪನಿಗಳು ದೀರ್ಘಾವಧಿ ವಾರಂಟಿ ಕೊಡುತ್ತವೆ. ಟೆಸ್ಟ್‌ನ ಕೆಂಪು ಸಾಲಿನ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೋಡಿಯಾಗಿ ಕೊಂಡಿದ್ದರೆ ಒಂದೇ ಕೆಟ್ಟಿದ್ದರೂ ಎರಡನ್ನೂ ಕಳಿಸಬೇಕಾಗಬಹುದು.

ಹೊಸದು ಕೊಳ್ಳುವುದಾದರೆ ಡಬ್ಬಿಯಲ್ಲೇ ಜೋಡಿಯಾಗಿ ಬರುವುದನ್ನು ಕೊಳ್ಳಿ. ಡಿಡಿಆರ್4, ಡಿಡಿಆರ್5 ಡೆಸ್ಕ್‌ಟಾಪ್ ಸ್ಟಿಕ್ ಎರಡಕ್ಕೂ 288 ಪಿನ್, ಆದರೆ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟ್‌ಗೆ ಇನ್ನೊಂದನ್ನು ತುರುಕಬೇಡಿ. ಲೆಕ್ಕಪತ್ರ, ಸಂಶೋಧನೆ, ಫೋಟೋ ಸಂಗ್ರಹದಂಥ ಕೆಲಸ ಮಾಡುವವರು ಬೋರ್ಡ್ ಒಪ್ಪಿದರೆ ಇಸಿಸಿ ರ‍್ಯಾಮ್ ಕೊಳ್ಳಲಿ ಎಂಬುದು ನನ್ನ ಮನಸ್ಸಿನ ಮಾತು. ಒಂದು ಅಂಕಿ ತಪ್ಪಿದರೆ ಅದು ತಾನೇ ತಿದ್ದಿಕೊಳ್ಳುತ್ತದೆ. ಡಿಡಿಆರ್5 ಎಲ್ಲದರಲ್ಲೂ ಇಸಿಸಿ ಇದೆ ಎಂಬ ಮಾತು ಅರ್ಧ ನಿಜ. ಅದು ಚಿಪ್ಪಿನೊಳಗಷ್ಟೇ ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರ್‌ಗೆ ಹೋಗುವ ದಾರಿಗೆ ಕಾವಲಿಲ್ಲ.

ಬೆಸೆದ ರ‍್ಯಾಮ್ ಕೆಟ್ಟರೆ ವಾರಂಟಿ, ಇಲ್ಲವೇ ಬೋರ್ಡ್ ಬದಲಾವಣೆ. ಕೆಟ್ಟ ವಿಳಾಸವನ್ನು ಬಳಸಬೇಡ ಎಂದು ವಿಂಡೋಸ್‌ಗೂ ಲಿನಕ್ಸ್‌ಗೂ ಹೇಳುವ ವ್ಯವಸ್ಥೆಯಿದೆ. ಎರರ್ ಒಂದೇ ಜಾಗದಲ್ಲಿದ್ದರೆ ಸ್ವಲ್ಪ ದಿನ ದೂಡಬಹುದು. ಮುಖ್ಯ ಕೆಲಸಕ್ಕೆ ಅದನ್ನು ನೆಚ್ಚಬೇಡಿ.

ಹೊಸ ರ‍್ಯಾಮ್ ಹಾಕಿದ ಮೇಲೆ ವಿಂಡೋಸ್‌ಗೆ ಹೋಗುವ ಮೊದಲೇ ರಾತ್ರಿಯಿಡೀ ಟೆಸ್ಟ್ ಮಾಡಿ. ಹೊಸದೂ ಕೆಟ್ಟಿರಬಹುದು.

ಹಂತ 9: ಆಗಿಹೋದ ಹಾನಿ ಸರಿಪಡಿಸಿ

ಟೆಸ್ಟ್ ಸೊನ್ನೆ ಎರರ್ ತೋರಿಸಿದ ಮೇಲೆಯೇ ಇದಕ್ಕೆ ಕೈ ಹಾಕಿ. ಕೆಟ್ಟ ರ‍್ಯಾಮ್ ಇರುವಾಗ ರಿಪೇರಿ ಮಾಡಿದರೆ ಚೆನ್ನಾಗಿರುವ ಫೈಲನ್ನೂ ಹಾಳಾಗಿದೆ ಎಂದು ಓದಿ ಅದು ಕೆಡಿಸಬಹುದು.

ಮೊದಲು ಶಟ್‌ಡೌನ್ ಬದಲು ರಿಸ್ಟಾರ್ಟ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡುವಾಗ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಮತ್ತೆ ತರುತ್ತದೆ. ರಿಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ನಂತರ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಸ್, ಎಫ್, ಸಿ ಅಕ್ಷರ, ಒಂದು ಸ್ಪೇಸ್, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಸಿ 'ಸ್ಕ್ಯಾನ್‌ನೌ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಇದು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಪರೀಕ್ಷಿಸಿ ಹಾಳಾದದ್ದನ್ನು ಬದಲಾಯಿಸುತ್ತದೆ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಒಳಗೆ ಎರರ್ ಚೆಕಿಂಗ್ ಕೂಡ ನಡೆಸಿ. ಇಷ್ಟಾದರೂ ಕ್ರ್ಯಾಶ್ ಉಳಿದರೆ, ಈಗ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ. ಇನ್‌ಸ್ಟಾಲ್ ಪೆನ್ ಡ್ರೈವನ್ನೂ ಹೊಸದಾಗಿ ತಯಾರಿಸಿಕೊಳ್ಳಿ, ಹಳೆಯದು ಕೆಟ್ಟ ರ‍್ಯಾಮ್ ಇದ್ದಾಗ ಮಾಡಿದ್ದಾಗಿರಬಹುದು.

ನಿಮ್ಮ ಸ್ವಂತ ಫೈಲ್‌ಗಳನ್ನು ಯಾವ ಕಮಾಂಡೂ ಸರಿಪಡಿಸುವುದಿಲ್ಲ. ತೊಂದರೆ ಶುರುವಾದ ತಾರೀಕಿನಿಂದ ಈಚೆಗೆ ಸೇವ್ ಆದ ಮುಖ್ಯ ಕಡತ, ಫೋಟೋ, ಜಿಪ್ ಫೈಲ್‌ಗಳನ್ನು ತೆರೆದು ನೋಡಿ. ಹಾಳಾದದ್ದು ಸಿಕ್ಕರೆ ಹಂತ 1ರಲ್ಲಿ ಮುಟ್ಟದೆ ಇಟ್ಟ ಹಳೆಯ ಬ್ಯಾಕಪ್‌ನಿಂದ ತನ್ನಿ. ಅದಾದ ಮೇಲೆ ನಿಲ್ಲಿಸಿದ್ದ ಬ್ಯಾಕಪ್ ಮತ್ತೆ ಶುರು ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿ, ಒಂದೆರಡು ವಾರ ರಿಲಯಬಿಲಿಟಿ ಹಿಸ್ಟರಿಯಲ್ಲಿ ಹೊಸ ಕೆಂಪು ಗುರುತು ಬರುತ್ತಿದೆಯೇ ಎಂದು ನೋಡುತ್ತಿರಿ.